ಬಿಯಾಕನ ಸರದಿ

ಬಿಯಾಕನ ಎಡದವಡೆಯ ಹಿಂದಿನ ಹಲ್ಲು ಎರಡು ವಾರದಿಂದ ನೋಯುತ್ತಿತ್ತು. ಅದಕ್ಕಾಗಿ ಅವನು ಪ್ರಾರ್ಥನೆ ಮಾಡಿದ್ದ, ಹೆಂಡತಿ ಡಿಂಗಿ ಮಾಡಿದ್ದಳು, ಮೇಲಿನ ಮನೆಯ ಪಿ ಥನ್ಪಾರಿಯಂತೂ ಹೆಂಗಸರ ಪ್ರಾರ್ಥನಾ ಕೂಟದಲ್ಲಿ ಅವನ ಹೆಸರು ಹೇಳಿ ಎಲ್ಲರಿಂದಲೂ ಮಾಡಿಸಿದ್ದರು. ಹಲ್ಲು ಯಾರ ಮಾತಿಗೂ ಬಗ್ಗಿರಲಿಲ್ಲ.

ಶನಿವಾರ ಬೆಳಿಗ್ಗೆ ಬಿಸಿ ಚಹಾ ತಾಗಿದ್ದೇ ತಡ, ಅವನು ಲೋಟ ಕುಕ್ಕಿ, "ಇವತ್ತು ಕೀಳಿಸಿಬಿಡ್ತೀನಿ" ಅಂದ.

ಹಿರಿಯ ಹೆಂಗಸರಿಗೆ ಪಿ, ಗಂಡಸರಿಗೆ ಪು ಎನ್ನುವ ಐಜ್ವಾಲಿನ ಆ ಗುಡ್ಡದಲ್ಲಿ ಒಬ್ಬರ ಅಂಗಳದ ನೆತ್ತಿಗೆ ಇನ್ನೊಬ್ಬರ ಅಡುಗೆಮನೆಯ ಕಿಟಕಿ. ಪಿ ಥನ್ಪಾರಿಯ ತಲೆ ಹೊರಗೆ ಬಂತು.

"ಅವಸರ ಯಾಕೋ ಬಿಯಾಕಾ? ಎಲ್ಲಾದಕ್ಕೂ ದೇವರ ಸಮಯ ಅಂತ ಇರತ್ತೆ. ಲವಂಗ ಇಟ್ಕೊಂಡು ಕಾಯಿ."

"ಕಾದಿದ್ದು ಸಾಕು, ಪಿ ಥನ್ಪಾರಿ. ಇನ್ನೊಂದಕ್ಕೆ ಒಂಬತ್ತು ವರ್ಷದಿಂದ ಕಾಯ್ತಾನೇ ಇದ್ದೀನಿ."

ಆ ಇನ್ನೊಂದು ಏನೆಂದು ಇಡೀ ಬಡಾವಣೆಗೆ ಗೊತ್ತಿತ್ತು. ಚರ್ಚಿನ ಗಾಯಕವೃಂದದಲ್ಲಿ ಬಿಯಾಕನ ಜಾಗ ಹಿಂದಿನ ಸಾಲಿನ ತುದಿ, ನಗಾರಿಯ ಪಕ್ಕ. ಅವನ ದನಿ ಅವನಿಗೇ ಕೇಳುತ್ತಿರಲಿಲ್ಲ. ಮುಂದೆ ಬಂದು ಒಬ್ಬನೇ ಹಾಡುವ ಭಾಗ ಯಾವತ್ತೂ ವಿದ್ಯುತ್ ಇಲಾಖೆಯ ರೋಚುಂಗನದು. ಒಂದು ಸಲ, ಒಂದೇ ಸಲ, ಆ ಜಾಗದಲ್ಲಿ ನಿಲ್ಲಬೇಕೆಂದು ಬಿಯಾಕನ ಆಸೆ. ಅವನು ಕೆಟ್ಟ ಮನಸ್ಸಿನವನಲ್ಲ. ರೋಚುಂಗನಿಗೆ ಕೆಮ್ಮು ಬರಲಿ ಎಂದು ಬೇಡಿದವನಲ್ಲ. ಬಡ್ತಿ ಸಿಕ್ಕಿ, ದೂರದ ಲುಂಗ್ಲೆಗೆ ವರ್ಗವಾಗಲಿ ಎಂದಷ್ಟೇ ಬೇಡುತ್ತಿದ್ದ. ಅದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ತನ್ನ ಕೊಡೆ ಅಂಗಡಿಗೆ ಬಾಗಿಲು ಹಾಕಿ ಮಧ್ಯಾಹ್ನ ದಂತವೈದ್ಯರಲ್ಲಿಗೆ ಹೋದ. ಹಲ್ಲು ಸುಲಭಕ್ಕೆ ಬರಲಿಲ್ಲ. ಎರಡು ಸಲ ಸೂಜಿ ಚುಚ್ಚಿ, ಹೊಲಿಗೆ ಹಾಕಿ, ಹತ್ತಿ ಕಚ್ಚಿಸಿ ಕಳಿಸುವಾಗ ವೈದ್ಯರು, "ಇವತ್ತು ಬಾಯಿ ಜಾಸ್ತಿ ತೆಗೀಬೇಡಿ" ಎಂದರು. ತೆಗೆಯುವ ಪ್ರಸಂಗವಾದರೂ ಏನಿದೆ ಎಂದುಕೊಂಡ ಬಿಯಾಕ. ಯಾರದೋ ತುಟಿಯನ್ನು ಸಂಜೆಯವರೆಗೆ ಕಡ ತಂದು ಅಂಟಿಸಿಕೊಂಡ ಹಾಗಿತ್ತು ಅವನಿಗೆ.

ಮನೆಗೆ ಬಂದರೆ ಗಾಯಕವೃಂದದ ನಾಯಕ ಪು ಖುಮಾ ಕುಳಿತಿದ್ದರು. ಎದುರಿಗೆ ಪಿ ಥನ್ಪಾರಿ, ಕೈಯಲ್ಲಿ ಡಿಂಗಿ ಕೊಟ್ಟ ಚಹಾ.

"ಬಂದ್ಯಾ? ರೋಚುಂಗನಿಗೆ ಬಡ್ತಿ ಸಿಕ್ಕಿತಪ್ಪ" ಎಂದರು ಪು ಖುಮಾ. "ಲುಂಗ್ಲೆಗೆ ಹಾಕಿದ್ದಾರೆ. ಬೆಳಿಗ್ಗೆನೇ ಹೊರಟುಹೋದ. ಸಂಜೆ ಹೊಸ ಚರ್ಚಿನ ಅರ್ಪಣೆ, ಊರೆಲ್ಲಾ ಬರತ್ತೆ. ಅವನ ಭಾಗ ಬಾಯಿಪಾಠ ಇರೋನು ನೀನೊಬ್ಬನೇ. ನೀನೇ ಹಾಡಬೇಕು."

ಬಿಯಾಕ ಬಾಗಿಲ ಚೌಕಟ್ಟು ಹಿಡಿದುಕೊಂಡ. ಒಂಬತ್ತು ವರ್ಷ ತಾಳಿದವನು ಇನ್ನೊಂದು ಮಧ್ಯಾಹ್ನ ತಾಳಿದ್ದರೆ ಆಗುತ್ತಿತ್ತು. "ಆಗಲ್ಲ" ಎಂದು ಹೇಳಲು ಹೊರಟ. ಹತ್ತಿ ಅಡ್ಡ ಬಂದು ಬರೀ "ಆಅಅ" ಎಂದಾಯಿತು.

"ಆಗಲಿ ಅಂತಿದ್ದಾನೆ" ಎಂದರು ಪಿ ಥನ್ಪಾರಿ.

"ಅವರಿಗೆ ಈಗಷ್ಟೇ ಹಲ್ಲು ಕಿತ್ತಿದ್ದಾರೆ" ಎಂದಳು ಡಿಂಗಿ.

"ಹಲ್ಲು ತಾನೆ? ಗಂಟಲಲ್ಲವಲ್ಲ" ಎಂದು ಪು ಖುಮಾ ಎದ್ದರು.

ಅವರು ಮೆಟ್ಟಿಲಿಳಿದ ಸ್ವಲ್ಪ ಹೊತ್ತಿಗೆ ಬಡಾವಣೆಯ ಮೈಕು ಕೂಗಿತು: ಈ ಸಂಜೆ ಏಕಗಾಯನ, ಕೊಡೆ ಅಂಗಡಿಯ ಬಿಯಾಕನಿಂದ. ಕೆಳಗಿನ ಮನೆಯವರು ಕೈ ಬೀಸಿದರು. ಯಾರೋ ಗಂಟಲಿಗೆಂದು ಶುಂಠಿ ಕಷಾಯ ಕಳಿಸಿದರು. ಕುಡಿಯಲು ನೋಡಿದರೆ ಅರ್ಧ ಅಂಗಿಯ ಮೇಲೆ ಸುರಿಯಿತು.

"ನಾನು ಹೋಗಿ ಬೇಡ ಅಂತ ಹೇಳ್ತೀನಿ" ಎಂದಳು ಡಿಂಗಿ.

ಹೋಗಬೇಡವೆಂದು ಬಿಯಾಕ ಜೋರಾಗಿ ತಲೆಯಾಡಿಸಿದ. ಸಂಜೆಯೊಳಗೆ ಜೋಮು ಇಳಿಯಬಹುದು. ಕನ್ನಡಿಯಲ್ಲಿ ನೋಡಿದರೆ ಇಡೀ ಕಿತ್ತಳೆ ಹಣ್ಣನ್ನು ಒಂದು ಕಡೆ ಒತ್ತರಿಸಿಕೊಂಡವನ ಮುಖ. ಆದರೂ ಕಪ್ಪು ಕೋಟು ತೆಗೆದು ಹಾಕಿಕೊಂಡ.

ಜೋಮು ಇಳಿಯಿತು. ಸಭಾಪಾಲಕರು ಉಪದೇಶ ಮಾಡುತ್ತಿದ್ದಾಗ ಶುರುವಾಗಿ, ಬಿಯಾಕ ಮುಂದೆ ಬಂದು ನಿಲ್ಲುವ ಹೊತ್ತಿಗೆ ಪೂರ್ತಿ ಇಳಿದಿತ್ತು. ಅದರ ಜಾಗಕ್ಕೆ ನೋವು ಬಂದಿತ್ತು. ದವಡೆಯಲ್ಲಿ ಯಾರೋ ಸೌದೆ ಒಡೆಯುತ್ತಿದ್ದರು. ಸಭೆಯೆಲ್ಲ ಅವನನ್ನೇ ನೋಡುತ್ತಿತ್ತು. ಪು ಖುಮಾ ಕೈ ಎತ್ತಿದರು. ಬಿಯಾಕ ಬಾಯಿ ತೆರೆದ. ಬೆರಳಗಲ ತೆರೆಯುವಷ್ಟರಲ್ಲಿ ಹೊಲಿಗೆ ಜಗ್ಗಿತು. ದನಿ ಹೊರಡಲಿಲ್ಲ. ಎರಡೂ ಕಣ್ಣಿಂದ ನೀರು ಇಳಿಯತೊಡಗಿತು.

ಪು ಖುಮಾ ಮತ್ತೆ ಕೈ ಎತ್ತಿದರು. ಬಿಯಾಕ ಮತ್ತೆ ಪ್ರಯತ್ನಿಸಿದ. ಇನ್ನಷ್ಟು ನೀರು. ಅವನು ಕೆನ್ನೆ ಹಿಡಿದುಕೊಂಡು ಮಾಡಿನತ್ತ ನೋಡಿದ.

ಹೆಂಗಸರ ಸಾಲಿನಲ್ಲಿ ಯಾರೋ ಬಿಕ್ಕಿದರು. "ಒಂಬತ್ತು ವರ್ಷ ಕಾದಿದ್ದಾನೆ ಪಾಪ, ಮಾತೇ ಹೊರಡ್ತಿಲ್ಲ" ಎಂದರು ಪಿ ಥನ್ಪಾರಿ, ಹಿಂದಿನವರಿಗೂ ಕೇಳುವಂತೆ. ಅಲ್ಲಿಂದ ಅಳು ಸಾಲಿನಿಂದ ಸಾಲಿಗೆ ಹರಡಿತು. ಸಭಾಪಾಲಕರು ಕನ್ನಡಕ ತೆಗೆದು ಒರೆಸಿಕೊಂಡರು. ಗಾಯಕವೃಂದ ಮೆಲ್ಲಗೆ ಪಲ್ಲವಿ ಎತ್ತಿಕೊಂಡಿತು. ಬಿಯಾಕ ಕೊನೆಯವರೆಗೂ ಹಾಗೇ ನಿಂತಿದ್ದ.

ಆರಾಧನೆ ಮುಗಿದ ಮೇಲೆ ಜನ ಸರದಿ ನಿಂತು ಅವನ ಕೈ ಕುಲುಕಿದರು. ಕೊನೆಗೆ ಪು ಖುಮಾ ಬಂದು ಹೆಗಲ ಮೇಲೆ ಕೈ ಇಟ್ಟರು.

"ಇಷ್ಟು ವರ್ಷದಲ್ಲಿ ನಮ್ಮ ಸಭೆ ಹೀಗೆ ಕರಗಿದ್ದು ನಾನು ನೋಡಿಲ್ಲ, ಬಿಯಾಕಾ. ಹಿರಿಯರೆಲ್ಲಾ ಮಾತಾಡಿದೆವು. ಕ್ರಿಸ್‌ಮಸ್‌ಗೂ ಮುಂದೆ ನಿಲ್ಲೋನು ನೀನೇ. ಇನ್ನು ಮೇಲೆ ಯಾವಾಗಲೂ ನೀನೇ."

ಬಿಯಾಕನಿಗೆ ನೋವು ಮರೆತುಹೋಯಿತು. ಅವರ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡ.

"ನೀನು ಸುಮ್ಮನೆ ನಿಂತು ಹೀಗೇ ಅಳು, ಸಾಕು" ಎಂದರು ಪು ಖುಮಾ. "ಹಾಡೋಕೆ ರೋಚುಂಗ ರಜೆ ಹಾಕಿ ಬರ್ತಾನಂತೆ. ಹಿಂದೆ, ನಗಾರಿ ಪಕ್ಕ ನಿಂತು ಹಾಡ್ತಾನೆ. ನೀನು ಮಾತ್ರ ದಯವಿಟ್ಟು ಹಾಡೋಕೆ ಹೋಗಿ ಕೆಡಿಸಬೇಡ."

ಮನೆಯ ಕಡೆ ಮೆಟ್ಟಿಲು ಹತ್ತುವಾಗ ಡಿಂಗಿ ತಿರುವಿನಲ್ಲಿ ಉಸಿರು ತೆಗೆದುಕೊಳ್ಳಲು ನಿಂತು ಕೇಳಿದಳು.

"ಕ್ರಿಸ್‌ಮಸ್‌ಗೆ ಯಾವ ಹಲ್ಲು ಕೀಳಿಸ್ತೀರಿ?"