ಸೇತುವೆಯ ಆಚೆ: ಮುಂದಿನ ಭಾಗದಲ್ಲಿ

ಬರೆಯುವವರಲ್ಲಿ ಎರಡು ಪಂಗಡ. ಮುಗಿಸಲು ಗೊತ್ತಿರುವವರು ಒಂದು. ಮುಗಿಸಲು ಗೊತ್ತಿಲ್ಲದೆ ಅದಕ್ಕೊಂದು ಸಿದ್ಧಾಂತ ಕಟ್ಟಿಕೊಂಡವರು ಇನ್ನೊಂದು. ನಾನು ಎರಡನೆಯ ಪಂಗಡದವನು. ನನ್ನ ಕಥೆಗಳೆಲ್ಲ ನಡುದಾರಿಯಲ್ಲಿ ಕೆಟ್ಟ ಬಸ್ಸಿನಂತೆ ನಿಂತುಬಿಡುತ್ತಿದ್ದವು. ಯಾಕೆಂದು ಕೇಳಿದವರಿಗೆ "ಉಳಿದದ್ದನ್ನು ಓದುಗನೇ ತುಂಬಿಕೊಳ್ಳಬೇಕು" ಎನ್ನುತ್ತಿದ್ದೆ. "ನಾನೂ ಅರ್ಧಾ ಅಡಿಗಿ ಮಾಡಿ, ಉಳಿದದ್ದು ಉಣ್ಣಾವ್ರ ತುಂಬಿಕೊಳ್ರಿ ಅಂದ್ರ ನಡೀತದೇನ್ರಿ?" ಎಂದು ಹೆಂಡತಿ ಒಮ್ಮೆ ಕೇಳಿದಳು. ತಾನು ಹಾಗೆ ಕೇಳಿಯೇ ಇಲ್ಲ ಎಂದು ಅವಳು ಈಗ ವಾದಿಸುತ್ತಾಳೆ. ಇರಬಹುದು. ನನ್ನ ನೆನಪಿನಲ್ಲಿ ಎಲ್ಲರೂ ನನಗಿಂತ ಚೆನ್ನಾಗಿ ಮಾತಾಡುತ್ತಾರೆ.

ಎಂಬತ್ತನೆಯ ಇಸವಿಯ ಆಚೀಚೆ ನಾನು ಬಾದಾಮಿಯಲ್ಲಿ ಮೇಷ್ಟ್ರಾಗಿದ್ದೆ. ಗುಹೆಗಳ ಕಂಬ ನೋಡಿ ಚಿತ್ರ ಬರೆಯಲು ಬಂದಿದ್ದ ಒಬ್ಬ ವಿದೇಶಿ ತರುಣ ನಮ್ಮ ಪಕ್ಕದ ಕೋಣೆಯಲ್ಲಿ ಕೆಲವು ದಿನ ಇದ್ದ. ಅವನು ನನಗೊಂದು ಆಟ ಕಲಿಸಿದ. ಹಾಸು ಇಲ್ಲ, ಕಾಯಿ ಇಲ್ಲ. ಒಬ್ಬ ಒಂದು ಕಲ್ಪನೆಯ ರಾಜ್ಯವನ್ನು ವರ್ಣಿಸುತ್ತಾನೆ; ಉಳಿದವರು ಒಬ್ಬೊಬ್ಬರು ಒಂದೊಂದು ವೇಷ ಹಿಡಿದು ಅದರಲ್ಲಿ ಸಂಚರಿಸುತ್ತಾರೆ; ಗೆದ್ದರೋ ಬಿದ್ದರೋ ಎಂಬುದನ್ನು ದಾಳ ಹೇಳುತ್ತದೆ. ಅವನ ದೇಶದಲ್ಲಿ ಇಂಥ ರಾಜ್ಯಗಳನ್ನು ಪುಸ್ತಕ ಮಾಡಿ ಮಾರುವ ಪ್ರಕಾಶಕರೇ ಇದ್ದರಂತೆ. ಒಂದು ರಾಜ್ಯ ಮಾರಿದ ಮೇಲೆ ಸುಮ್ಮನಿರುವಂತಿಲ್ಲ. ಅದರ ಕಾಡಿಗೊಂದು ಪುಸ್ತಕ, ಬಂದರಿಗೊಂದು ಪುಸ್ತಕ ತರುತ್ತಲೇ ಇರಬೇಕು. ಈ ಕೊನೆಯ ಮಾತನ್ನು ಅವನು ಒತ್ತಿ ಹೇಳಿದ್ದ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಓದುಗನೇ ತುಂಬಿಕೊಳ್ಳುವ ಸಾಹಿತ್ಯ ಕೊನೆಗೂ ಹುಟ್ಟಿತು ಎಂಬ ಸಂಭ್ರಮದಲ್ಲಿದ್ದೆ.

ಬಾಗಲಕೋಟೆಯ ಒಂದು ಮುದ್ರಣಾಲಯದಲ್ಲಿ ನನ್ನ ರಾಜ್ಯ ಅಚ್ಚಾಯಿತು. ಬರೆದವನೂ ನಾನೇ, ಪ್ರಕಾಶಕನೂ ನಾನೇ. ದಾಳದ ಬದಲು ಕವಡೆ ಇಟ್ಟಿದ್ದೆ. ಜೊತೆಗೊಂದು ನಕಾಶೆ: ಪಡುವಣಕ್ಕೆ ಬೆಟ್ಟ, ನಡುವೆ ಪೇಟೆ, ಮೂಡಣಕ್ಕೆ ಒಂದು ಉದ್ದನೆಯ ಸೇತುವೆ. ಸೇತುವೆಯ ಆಚೆ ಖಾಲಿ. ಅಲ್ಲಿ ‘ಮುಂದಿನ ಭಾಗದಲ್ಲಿ’ ಎಂದು ಹಾಕಿಸಿದ್ದೆ. ಆಚೆ ಏನಿದೆಯೆಂದು ನನಗೂ ಗೊತ್ತಿರಲಿಲ್ಲ. ಕೆಲವು ಪ್ರತಿಗಳನ್ನು ಸುತ್ತಲಿನ ಊರಿನ ಅಂಗಡಿಗಳಲ್ಲಿಟ್ಟೆ. ಉಳಿದ ಕಟ್ಟುಗಳು ಮಂಚದ ಕೆಳಗೆ ಸೇರಿದವು. ಮಳೆಗಾಲದಲ್ಲಿ ಹೆಂಡತಿ ಅವುಗಳ ಮೇಲೆ ಜೋಳದ ಚೀಲ ಇಟ್ಟಳು. ಜೋಳ ಕೆಡಲಿಲ್ಲ.

ಒಂದು ಭಾನುವಾರ ಇಳಕಲ್ಲಿನಿಂದ ಒಬ್ಬರು ಬಂದರು. ಗುರುಲಿಂಗಪ್ಪ, ಸೀರೆ ಅಂಗಡಿಯ ಮಾಲೀಕರು, ತುಂಬು ಮೈ, ತುಂಬು ಗಂಟಲು.

"ಆ ರಾಜ್ಯದ ಪುಸ್ತಕ ಬರದವ್ರು ನೀವ ಏನ್ರಿ?"

ಓದುಗ! ನಾನು ಹೆಂಡತಿಗೆ ಕಣ್ಣಲ್ಲೇ ಚಹಾ ಹೇಳಿದೆ.

"ಪುರಾಣ ಅಂತ ತಿಳದು ನಮ್ಮವ್ವಗ ಒಯ್ದಿದ್ನಿರಿ. ಓದಿ ನೋಡಿದ್ರ ಆಟ! ಅವ್ವ, ಸೊಸ್ತ್ಯಾರು, ಎಲ್ಲಾರೂ ಅದನ್ನ ಹಿಡದು ಕುಂತಾರ. ಅದಿರ್ಲಿ, ಸೇತುವಿ ದಾಟಿದ ಮ್ಯಾಲ ಏನೈತ್ರಿ?"

ವರ್ಷಗಟ್ಟಲೆ ರೂಢಿಸಿಕೊಂಡ ನಗೆ ನಕ್ಕೆ. "ಅದನ್ನ ನೀವೇ ಕಲ್ಪಿಸಿಕೊಳ್ಳಬೇಕು."

"ಕಲ್ಪನಾ ಮಾಡಾಕ ನಮಗೆಲ್ಲೈತ್ರಿ ಪುರಸೊತ್ತು? ಅದಕ್ಕಂತನ ನಿಮ್ಮದು ಕೊಂಡದ್ದು. ನಮ್ಮವ್ವ ಅದರಾಗ ಸರದಾರ ಆಗ್ಯಾಳ. ಆಕಿ ಬಿಳಿ ಕುದರಿ ಸೇತುವಿ ಮ್ಯಾಲ ನಿಂತುಬಿಟ್ಟೈತಿ." ದನಿ ಸ್ವಲ್ಪ ತಗ್ಗಿತು. "ಮೊಣಕಾಲು ಹಿಡದು ಆಕಿ ಹೊಸ್ತಿಲಾ ದಾಟಿ ಭಾಳ ದಿನಾ ಆತ್ರಿ. ಈ ಆಟದಾಗಷ್ಟ ತಿರಗ್ಯಾಡತಿದ್ಲು. ಈಗ ಅದೂ ನಿಂತೈತಿ. ಸೆರಗ ಇಲ್ಲದ ಸೀರಿ ಮಾರಿದಂಗಾತಲ್ರಿ ಸರ! ನಮ್ಮ ಅಂಗಡ್ಯಾಗ ಹಂಗ ಮಾರಿದ್ರ ಗಿರಾಕಿ ಬಿಡ್ತಾರೇನು?"

"ಮುಂದಿನ ಭಾಗ ಅಚ್ಚಿನಲ್ಲಿದೆ" ಎಂದುಬಿಟ್ಟೆ. ಅದು ನನ್ನ ತಲೆಯಲ್ಲೂ ಇರಲಿಲ್ಲ.

ಆಮೇಲೆ ಅವರು ಆಗಾಗ ಬರತೊಡಗಿದರು, ದಾರಿಯಲ್ಲಿ ಅಮೀನಗಡದ ಕರದಂಟು ಕಟ್ಟಿಸಿಕೊಂಡು. ಅಂಟು, ಬೆಲ್ಲ, ಒಣಹಣ್ಣಿನ ಆ ಸಿಹಿಯನ್ನು ಜಗಿಯುತ್ತ ನಾನು ಬರೆಯಲು ಕೂಡುತ್ತಿದ್ದೆ. ಸೇತುವೆಯ ಆಚೆ ಮಂಜು ಬರೆದೆ. ಮಂಜಿನಲ್ಲಿ ಪಯಣಿಗನಿಗೆ ತಾನು ಯಾರೆಂಬ ಸಂಶಯ. ಸೇತುವೆಗೂ ತಾನು ಸೇತುವೆಯೇ ಎಂಬ ಸಂಶಯ. ಹೆಂಡತಿ ಓದಿದಳು. "ಅಲ್ರೀ, ಇದರಾಗ ಕುದರಿಗೆ ಹುಲ್ಲು ಎಲ್ಲೈತಿ?" ಎಂದಳು. ಇದನ್ನಂತೂ ಅವಳೇ ಹೇಳಿದ್ದು, ಅವಳೂ ಒಪ್ಪುತ್ತಾಳೆ.

ಹೀಗಿರುವಾಗ ಗುರುಲಿಂಗಪ್ಪ ಬರುವುದು ನಿಂತಿತು. ಮೊದಲು ಹಾಯೆನಿಸಿತು. ಆಮೇಲೆ ಕರದಂಟು ನೆನಪಾಯಿತು. ಅದಾದ ಮೇಲೆ ಆ ಮುದುಕಿ. ಈ ಕ್ರಮವನ್ನು ತಿದ್ದಿ ಬರೆಯಬಹುದಿತ್ತು, ಬಿಟ್ಟಿದ್ದೇನೆ. ಸಂಶಯಗಳನ್ನೆಲ್ಲ ಹರಿದು ಹಾಕಿ ಒಂದು ಊರು ಬರೆದೆ. ಬಾವಿ, ಸಂತೆ, ಹುಲ್ಲಿನ ಬಣವೆ, ಎಲ್ಲ ಇಟ್ಟು ಇಳಕಲ್ಲಿನ ಬಸ್ಸು ಹತ್ತಿದೆ.

ಗುರುಲಿಂಗಪ್ಪನವರ ತಾಯಿ ನೀಲವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದರು. ಮುಂದೆ ಕವಡೆ, ಸುತ್ತ ಸೊಸೆಯರು.

"ಬಾರಪಾ ತಮ್ಮಾ. ಭಾಳ ತಡಾ ಮಾಡಿದಿ. ನಾವು ಸೇತುವಿ ದಾಟೇವಿ."

"ಆಚೆ ಏನಿದೆ ಅಂತ ಇಲ್ಲಿ ಬರೆದು ತಂದಿದ್ದೇನವ್ವಾ. ಒಂದು ಊರು..."

"ಅಲ್ಲಿ ಊರಿಲ್ಲ. ಹೊಳಿ ಐತಿ. ಹೊಳಿ ದಂಡಿಗೆ ರಾಣಿ ಕ್ವಾಟಿ."

"ಅದು ನನ್ನ ರಾಜ್ಯ ಅಲ್ವೇನವ್ವಾ?"

"ಮೈ ನಿಂದು, ಸೆರಗು ನಮ್ಮದು. ಕೊಂಡಿ ಹಾಕಿ ಕೂಡಿಸೇವಿ," ಎಂದರು ನೀಲವ್ವ. ಇಳಕಲ್ಲಿನವರಿಗೆ ಇದು ದೊಡ್ಡ ಮಾತಲ್ಲ. ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಒಂದೇ ಸೀರೆ ಮಾಡುವುದು ಅವರ ದಿನದ ಕೆಲಸ. ನಾನು ನನ್ನ ಊರನ್ನು, ಬಣವೆಯ ಸಮೇತ, ಮಡಚಿ ಕಿಸೆಗೆ ಹಾಕಿದೆ.

ಕಿರಿಯ ಸೊಸೆ ಸೆರಗಿನಲ್ಲಿ ನಗು ಮುಚ್ಚಿಕೊಂಡು ಹೇಳಿದಳು: "ಸೇತುವಿ ಮ್ಯಾಲ ಒಬ್ಬ ಮುದುಕನ್ನ ಇಟ್ಟೇವ್ರಿ. ಯಾರು ಏನ ಕೇಳಿದ್ರೂ ‘ಮುಂದಿನ ಭಾಗದಾಗ’ ಅಂತಾನ." ಅವನು ಯಾರೆಂದು ನಾನು ಕೇಳಲಿಲ್ಲ. ನೀಲವ್ವ ನನ್ನ ಕೈಗೆ ಕವಡೆ ಕೊಟ್ಟು, "ನೀ ಹೊಸಬಾ. ಆ ಮುದುಕಾ ನೀನ ಆಗು" ಎಂದರು.

ಆದೆ. ಕವಡೆ ನನ್ನ ಕೈ ಹಿಡಿಯಿತು. ಸಂಜೆಯ ಹೊತ್ತಿಗೆ ನೀಲವ್ವನ ಬಿಳಿ ಕುದುರೆಯ ಮೇಲೆ ಅವರ ಹಿಂದೆ ಕೂತು ಹೊಳೆ ದಾಟಿ ರಾಣಿಯ ಕೋಟೆಯ ಬಾಗಿಲಿಗೆ ಬಂದಿದ್ದೆ. ಒಳಗೆ ಯಾರೋ ಅಳುವ ಸದ್ದು.

"ಒಳಗ ಯಾರವ್ವಾ?" ಎಂದೆ. ನನಗರಿವಿಲ್ಲದೆ ನನ್ನ ಮಾತೂ ಅವರ ಧಾಟಿಗೆ ವಾಲಿತ್ತು.

ನೀಲವ್ವ ಕವಡೆಗಳನ್ನು ಚೀಲಕ್ಕೆ ತುಂಬಿದರು. "ಅದಿನ್ನಾ ಮಾಡಿಲ್ಲಪಾ. ಅಲ್ಲೀತನಕ ನೀನ ಕಲ್ಪನಾ ಮಾಡಿಕೋ."

ವಾಪಸು ಬರುವಾಗ ದಾರಿಯುದ್ದಕ್ಕೂ ಸಿಟ್ಟು. ಒಬ್ಬ ಮನುಷ್ಯನನ್ನು ಬಾಗಿಲ ತನಕ ಕರೆತಂದು ಹೀಗೆ ನಿಲ್ಲಿಸುವುದೇ? ಇದೆಂಥ ಜವಾಬ್ದಾರಿಗೇಡಿತನ! ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಮಂಚದ ಕೆಳಗಿನ ಕಟ್ಟಿನಿಂದ ನನ್ನದೇ ಒಂದು ಪ್ರತಿ ಎಳೆದು, ನಕಾಶೆ ಬಿಡಿಸಿ ನನ್ನ ಮುಂದೆ ಇಟ್ಟಳು.

ಮುಂದಿನ ಭಾನುವಾರ ಇಳಕಲ್ಲಿಗೆ ಹೋಗುವ ಬಸ್ಸು ಅಮೀನಗಡದಲ್ಲಿ ನಿಂತಾಗ ಇಳಿದು ಕರದಂಟು ಕಟ್ಟಿಸಿಕೊಂಡೆ, ಸ್ವಲ್ಪ ಹೆಚ್ಚೇ. ಬರಿಗೈಯಲ್ಲಿ ಹೋದರೆ ಅವರು ಬಾಗಿಲು ತೆಗೆಯುತ್ತಾರೋ ಇಲ್ಲವೋ.