ತೋಪಿನ ಘಮಲು

ಮೊಮ್ಮಗಳು ಹಂಸಳ ನಿಶ್ಚಿತಾರ್ಥದ ಬೆಳಿಗ್ಗೆ ಬೈಲಪ್ಪನವರಿಗೆ ಮನೆಯ ವಾಸನೆ ಹಿಡಿಸಲಿಲ್ಲ. ಹಾಲ್ ತುಂಬ ಹೊಸ ಪೇಂಟಿನ ನಾತ.

ಕಗ್ಗದಾಸಪುರದ ಆ ಮನೆ ನಿಂತಿರುವ ಜಾಗದಲ್ಲಿ ಹಿಂದೆ ಅವರ ಅಪ್ಪನ ನೀಲಗಿರಿ ತೋಪಿತ್ತು. ಚಳಿಗಾಲದಲ್ಲಿ ದೊಡ್ಡ ಹಂಡೆಯಲ್ಲಿ ಸೊಪ್ಪು ಬೇಯಿಸಿ ಎಣ್ಣೆ ಇಳಿಸುತ್ತಿದ್ದರು. ಆ ಘಮಲಿಗೆ ಇಡೀ ಊರಿನ ಮೂಗು ತೆರೆದುಕೊಳ್ಳುತ್ತಿತ್ತು. ಬೀಗರನ್ನು ಅದೇ ಘಮಲು ಎದುರುಗೊಳ್ಳಬೇಕು ಎಂದು ಬೈಲಪ್ಪನವರಿಗೆ ಆಸೆಯಾಯಿತು. ಶಿವಾಜಿನಗರಕ್ಕೆ ಹೋಗಿ ಕಲೀಮುಲ್ಲಾನ ಅತ್ತರಿನ ಅಂಗಡಿಯಿಂದ ಒಂದು ಬಾಟಲಿ ನೀಲಗಿರಿ ಎಣ್ಣೆ ತಂದರು.

"ಎರಡು ತೊಟ್ಟು ಸಾಕು ಬೈಲಪ್ಪಣ್ಣ, ಅಸಲಿ ಮಾಲು," ಎಂದಿದ್ದ ಕಲೀಮುಲ್ಲಾ.

ಬೈಲಪ್ಪನವರು ಇಸ್ತ್ರಿಗೆ ನೀರು ಚಿಮುಕಿಸುವ ಪಂಪಿಗೆ ಇಡೀ ಬಾಟಲಿ ಸುರಿದರು. ಪರದೆ, ಸೋಫಾ, ಗೋಡೆ ಯಾವುದನ್ನೂ ಬಿಡಲಿಲ್ಲ.

ಮೊದಲು ಓಡಿಬಂದವಳು ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದ ಜಟ್ಟೆಮ್ಮ. "ಮಾಲಕ್ರ, ಗ್ಯಾಸ್ ಸೋರಾಕತ್ತೈತಿ, ಹೊರಗ ನಡೀರಿ," ಎಂದು ಅಡುಗೆಯವರನ್ನೆಲ್ಲ ಒಲೆ ಆರಿಸಿ ಬೀದಿಗೆ ಅಟ್ಟಿದಳು. ಅರ್ಧ ಬೆಂದ ಅನ್ನ ಅನಾಥವಾಯಿತು. ಹಿಂದೆಯೇ ಬಂದ ಅವಳ ಗಂಡ ಹುಲಿಗೆಪ್ಪ ಗೋಡೆ ನೋಡಿ ತಲೆಮೇಲೆ ಕೈಹೊತ್ತು ಕೂತ. ಸಮಾರಂಭಗಳಿಗೆ ಅಲಂಕಾರ ಮಾಡುವುದು ಅವನ ಕಸುಬು. ವಧೂವರರ ಹೆಸರನ್ನು ಅವನೇ ಥರ್ಮೋಕೋಲಿನಲ್ಲಿ ಕೆತ್ತಿ ಅಂಟಿಸಿದ್ದ. ಈಗ ಅಕ್ಷರಗಳು ಬಿಸಿಲಿಗಿಟ್ಟ ಬೆಣ್ಣೆಯಂತೆ ಇಳಿಯುತ್ತಿದ್ದವು. 'ಹಂಸ'ದ ಸೊನ್ನೆ ಮಾಯವಾಗಿತ್ತು. 'ಸ' ಪಕ್ಕಕ್ಕೆ ಜಾರಿ ಬಾಲ ಬಿಟ್ಟಿತ್ತು. ಹಂಸ ಕೊಂಬು ಸಮೇತ 'ಹಸು' ಆಗಿದ್ದಳು.

"ಏನ್ರೀ ಮಾಡಿದ್ರಿ?" ಎಂದರು ಹೆಂಡತಿ ಚಿಕ್ಕಮುನಿಯಮ್ಮ, ಮೆಲ್ಲಗೆ. ಅವರು ಮೆಲ್ಲಗೆ ಮಾತಾಡಿದರೇ ಬೈಲಪ್ಪನವರಿಗೆ ಭಯ.

ಅಷ್ಟರಲ್ಲಿ ಲಿಂಗರಾಜಪುರದಿಂದ ಬೀಗರು ಬಂದರು. ಹುಡುಗ ಜಗನ್ ಪೇಂಟ್ ಕಾರ್ಖಾನೆಯ ಲ್ಯಾಬಿನಲ್ಲಿರುವವನು. ಗೋಡೆ ನೋಡಿ ನಗು ನುಂಗಿಕೊಂಡ. "ಇದು ಟರ್ಪೀನ್ ಕೆಲಸ, ತಾತ. ಈ ಎಣ್ಣೆಗಳಿಗೆ ಘಮ ಬರೋದೇ ಅದ್ರಿಂದ. ಥರ್ಮೋಕೋಲ್ ಸಿಕ್ರೆ ಕರಗಿಸ್ಬಿಡುತ್ತೆ."

ಅವನ ಅಪ್ಪ ನಗಲಿಲ್ಲ. "ಸೊಸೆ ಹೆಸರು ಹಸು ಅಂತ ಬರ್ಸಿದ್ದೀರಿ. ಇದೇನ್ ಮರ್ಯಾದೆ?" ಎಂದು ಬಾಗಿಲಲ್ಲೇ ನಿಂತರು.

ಆಗ ಅವರನ್ನು ಪಕ್ಕಕ್ಕೆ ಸರಿಸಿ ಜಗನ್‌ನ ಅಜ್ಜಿ ಅಯ್ಯಮ್ಮ ಒಳಗೆ ಬಂದರು. ಮಂಡಿನೋವಿನಿಂದಾಗಿ ಹುಡುಗಿ ನೋಡುವ ಶಾಸ್ತ್ರಕ್ಕೂ ಬಂದಿರದವರು, ಈ ಮನೆಗೆ ಬಂದದ್ದು ಅಂದೇ ಮೊದಲು. ಕಣ್ಣು ಮುಚ್ಚಿ ಎದೆತುಂಬ ಉಸಿರೆಳೆದುಕೊಂಡರು.

"ಇದು ನೀಲಗಿರಿ ತೋಪಿದ್ದ ಜಾಗ ಅಲ್ವಾ? ಚಿಕ್ಕೋಳಿದ್ದಾಗ ಸೊಪ್ಪು ಆಯೋಕ್ ಬರ್ತಿದ್ದೆ. ಹಂಡೆ ಮುಂದೆ ಚಳಿ ಕಾಯಿಸ್ತಾ ಕೂತ್ರೆ ಏಳೋಕೇ ಮನ್ಸಾಗ್ತಿರ್ಲಿಲ್ಲ." ಅವರ ಕಣ್ಣಂಚು ಒದ್ದೆಯಾಗಿತ್ತು. "ಇಂಥಾ ಮನೆ ಸಂಬಂಧ ಬಿಡಬೇಡ ಕಣಪ್ಪ," ಎಂದರು ಮಗನಿಗೆ. ಮಗ ಚಪ್ಪಲಿ ಬಿಟ್ಟು ಒಳಗೆ ಬಂದರು.

ಬೈಲಪ್ಪನವರಿಗೆ ಹೋದ ಜೀವ ಬಂದಂತಾಯಿತು. ಚಿಕ್ಕಮುನಿಯಮ್ಮನ ಮುಖವೂ ಅರಳಿತು.

ಅಯ್ಯಮ್ಮ ಮುಂದುವರಿಸಿದರು. "ತೋಪು ಕಾಯೋ ಹುಡುಗ ಒಬ್ಬನಿದ್ದ. ಬೇರೆಯೋರ್ನೆಲ್ಲಾ ಅಟ್ಟಿಸ್ಕೊಂಡ್ ಹೋಗೋನು. ನನ್ ಹೊರೆ ಮಾತ್ರ ತಾನೇ ತಲೆಗೆತ್ತೋನು. ನಂಗೊಂದು ಸೀನು ಬಂದ್ರೆ ಸಾಕು, ಎಣ್ಣೆ ಶೀಶೆ ತಂದ್ಕೊಡೋನು."

"ಯಾರಮ್ಮ ಆ ಪುಣ್ಯಾತ್ಮ?" ಎಂದರು ಚಿಕ್ಕಮುನಿಯಮ್ಮ ಅಕ್ಕರೆಯಿಂದ.

ಅಯ್ಯಮ್ಮ ಕಣ್ಣುಬಿಟ್ಟು ಸುತ್ತ ನೋಡಿದರು. ಪಂಪು ಹಿಡಿದು ನಿಂತಿದ್ದವರ ಮೇಲೆ ಅವರ ನೋಟ ನಿಂತಿತು.

"ಕೂದ್ಲೆಲ್ಲಾ ಹೋಗ್ಬಿಟ್ಟಿದೆ. ಆದ್ರೂ ನೀನೇ ಅಲ್ವೇನೋ ಬೈಲ?"

ಬೈಲಪ್ಪನವರು ಫ್ಯಾನು ಎಷ್ಟು ಚೆನ್ನಾಗಿ ತಿರುಗುತ್ತಿದೆ ಎಂದು ನೋಡತೊಡಗಿದರು. ಚಿಕ್ಕಮುನಿಯಮ್ಮ ಅವರ ಪಕ್ಕಕ್ಕೆ ಬಂದು ಮೆಲ್ಲಗೆ, ಬಹಳ ಮೆಲ್ಲಗೆ ಹೇಳಿದರು:

"ಮದುವೆಯಾದ್ ಹೊಸದ್ರಲ್ಲಿ ನೆಗಡಿ ಅಂತ ಒಂದ್ ತೊಟ್ಟು ಕೇಳಿದ್ದೆ. ಅದು ಮಾರೋಕಿಟ್ಟಿರೋದು ಅಂದಿದ್ರಿ."