ಟವೆಲ್ಲಿನೊಳಗಿನ ಮೂರು ಬೆರಳು

ನಮ್ಮ ಅತ್ತೆ ಗಂಗರತ್ನಮ್ಮನವರನ್ನು ನಾನು ಮೊದಲು ನೋಡಿದ್ದು ಹೆಣ್ಣು ನೋಡಲು ಯಲ್ದೂರಿಗೆ ಹೋದ ದಿನ. ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ಇಟ್ಟವನಿಗೆ ಕಣ್ಣೇ ತಕ್ಕಡಿ. ಹುಡುಗಿಗಿಂತ ಮೊದಲು ಹುಡುಗಿಯ ತಾಯಿಯನ್ನು ತೂಗಿದೆ. ಸಣ್ಣ ಗಾತ್ರ, ಗಟ್ಟಿ ತೊಟ್ಟು, ಸಿಪ್ಪೆಯ ಮೇಲೆ ಒಂದು ಕಲೆಯಿಲ್ಲ, ಮಾತು ಕಡಿಮೆ, ಬಾಳಿಕೆ ಜಾಸ್ತಿ. ಆದರೂ ಮೊದಲ ದರ್ಜೆ ಅನ್ನಲು ಮನಸ್ಸು ಬರಲಿಲ್ಲ. ಹೇಳಿದ ರೇಟಿಗೆ ತಲೆಯಾಡಿಸುವ ಮಾಲು ಎಂದು ತೀರ್ಮಾನಿಸಿ ಎರಡನೇ ದರ್ಜೆಯ ಕ್ರೇಟಿಗೆ ಹಾಕಿದೆ. ಹನ್ನೆರಡು ವರ್ಷ ಆ ಕ್ರೇಟನ್ನು ಬಿಚ್ಚಿ ನೋಡುವ ಅಗತ್ಯವೇ ಬೀಳಲಿಲ್ಲ. ಈ ಜೂನ್ ತಿಂಗಳಲ್ಲಿ ಬಿತ್ತು.

ನನಗೊಂದು ಹುಚ್ಚಿದೆ, ಫುಟ್‌ಬಾಲ್. ಆಡುವ ಹುಚ್ಚಲ್ಲ, ಈ ಹೊಟ್ಟೆ ಹೊತ್ತು ಮೈದಾನಕ್ಕಿಳಿದರೆ ಎರಡು ಚೆಂಡು ಬಂದಿವೆಯೆಂದು ರೆಫರಿ ಸೀಟಿ ಊದಿಯಾನು. ನನ್ನದು ಮೊಬೈಲಿನ ಆಟ. ಕೋಲಾರದ ಕಾಲೇಜಿನಲ್ಲಿ ಒಟ್ಟಿಗೆ ಓದಿದ ನಾವು ಎಂಟು ಜನ ಯುರೋಪಿನ ಆಟಗಾರರನ್ನು ಹಂಚಿಕೊಂಡು ಒಂದೊಂದು ಕಾಲ್ಪನಿಕ ತಂಡ ಕಟ್ಟಿಕೊಂಡಿದ್ದೇವೆ. ಅವರು ಅಲ್ಲಿ ಗೋಲು ಹೊಡೆದರೆ ಇಲ್ಲಿ ನಮಗೆ ಅಂಕ. ಬೇರೆಯವರ ಲೀಗಿನಲ್ಲಿ ವರ್ಷ ಮುಗಿದರೆ ತಂಡವೂ ಮುಗಿಯಿತು. ನಮ್ಮದು ಡೈನಾಸ್ಟಿ ಲೀಗು, ಅಂದರೆ ರಾಜವಂಶದ ಲೆಕ್ಕ. ಒಮ್ಮೆ ನಿಮ್ಮವನಾದ ಆಟಗಾರ ಮಂಡಿ ಸವೆಯುವ ತನಕ ನಿಮ್ಮವನೇ. (ಅವನ ಕಾಲಿನ ಮಂಡಿ. ನನ್ನ ಮಾವಿನ ಮಂಡಿಯಲ್ಲ.) ಇದರಲ್ಲಿ ಹಣದ ಮಾತಿಲ್ಲ. ಗೆದ್ದವನಿಗೆ ಒಂದು ಹಿತ್ತಾಳೆ ಚೊಂಬು. "ಈ ಸಲ ಚೊಂಬು ನನಗೇ" ಎಂದು ನಾನು ಎದೆ ತಟ್ಟಿಕೊಂಡಾಗಲೆಲ್ಲ ನನ್ನ ಹೆಂಡತಿ ಸುನಂದ, "ಅದ್ರಲ್ಲಿ ಅನುಮಾನಾನೇ ಇಲ್ಲ ಬಿಡಿ" ಎನ್ನುತ್ತಾಳೆ.

ಪಂದ್ಯಗಳು ನಡೆಯುವುದು ಆಗಸ್ಟಿನಿಂದ ಮೇ ತನಕ. ಆದರೆ ಲೀಗು ಗೆಲ್ಲುವುದು ಪಂದ್ಯಗಳೇ ಇಲ್ಲದ ಜೂನ್, ಜುಲೈಯಲ್ಲಿ. ಆಟಗಾರರ ಕೊಡುಕೊಳ್ಳುವಿಕೆ ನಡೆಯುವುದು ಆಗಲೇ. ಆಮೇಲೆ ಆಗಸ್ಟಿನ ಮೊದಲ ಭಾನುವಾರ, ಆ ವರ್ಷ ಹೊಸದಾಗಿ ಬಂದ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುತ್ತೇವೆ, ಮೂರು ಸುತ್ತು. ಮೊದಲ ಸುತ್ತಿನಲ್ಲಿ ಸಿಗುವುದು ಬುಟ್ಟಿಯ ಮೇಲಿನ ಬಾದಾಮಿ. ಮೂರನೇ ಸುತ್ತಿನ ಹೊತ್ತಿಗೆ ಉಳಿದಿರುವುದು ಜ್ಯೂಸ್ ಫ್ಯಾಕ್ಟರಿಗೆ ಹೋಗುವ ಮಾಲು. ಈ ಸರದಿಯನ್ನೂ ಮಾರಬಹುದು; ಈ ವರ್ಷದ್ದಷ್ಟೇ ಅಲ್ಲ, ಮುಂದೆ ಬರುವ ವರ್ಷಗಳದ್ದೂ.

ಜೂನ್, ಜುಲೈ ನಮ್ಮಲ್ಲಿ ಮಾವಿನ ಭರಾಟೆಯ ಕಾಲ. ಬೇರೆಯವರಿಗೆ ಎರಡು ವ್ಯಾಪಾರ ಒಟ್ಟಿಗೆ ಕಷ್ಟವಾದೀತು. ನನಗೇನು? ಒಂದು ಕಿವಿಯಲ್ಲಿ ತೋತಾಪುರಿ, ಇನ್ನೊಂದು ಕಿವಿಯಲ್ಲಿ ಸೆಂಟರ್ ಫಾರ್ವರ್ಡು! ಮೇಲಾಗಿ ಲೀಗಿನ ಅಧ್ಯಕ್ಷನೂ ನಾನೇ.

ಮೇ ಕೊನೆಯಲ್ಲಿ ಕದಿರೇಶ್ ಲೀಗು ಬಿಟ್ಟ. ನಂಗಲಿಯಲ್ಲಿ ಲಾರಿ ಬುಕಿಂಗ್ ಆಫೀಸು ನಡೆಸುವ ಗೆಳೆಯ. ಚಿತ್ತೂರಿಗೆ ಹೋಗಬೇಕಾದ ಲಾರಿಯನ್ನು, ಒಂದು ಪೆನಾಲ್ಟಿ ನೋಡುತ್ತಾ, ಚಿಂತಾಮಣಿಗೆ ಕಳಿಸಿದನಂತೆ. ಅವನ ಹೆಂಡತಿ ಅಂದೇ ಆಪ್ ಅಳಿಸಿಹಾಕಿದಳು. ಅನಾಥವಾದ ತಂಡಕ್ಕೆ ಹೊಸ ಮಾಲೀಕನನ್ನು ಹುಡುಕುವುದು ಅಧ್ಯಕ್ಷನ ಹೊಣೆ. ಆ ತಂಡದಲ್ಲಿದ್ದವನು ಬೆನಿಷಿಚ್! ಹತ್ತೊಂಬತ್ತರ ಹುಡುಗ, ಎರಡೂ ಕಾಲಲ್ಲಿ ಗೋಲು. ನಾಲ್ಕು ವರ್ಷದಿಂದ ಎರಡನೇ ಸ್ಥಾನದಲ್ಲೇ ಕೂತು ಸುಸ್ತಾದ ನಾನು ಅಂದೇ ಪ್ರತಿಜ್ಞೆ ಮಾಡಿದೆ: ಈ ಮಾವಿನ ಕಾಲ ಮುಗಿಯುವುದರೊಳಗೆ ಬೆನಿಷಿಚ್ ನನ್ನವನಾಗಬೇಕು, ಅದೂ ಸಿಪ್ಪೆಯ ಬೆಲೆಗೆ.

ಉಪಾಯ ಹೊಳೆಯಲು ಒಂದು ಲೋಟ ಕಾಫಿ ಸಾಕಾಯಿತು. ಲೈಸೆನ್ಸು ಒಬ್ಬರ ಹೆಸರಿನಲ್ಲಿ, ವ್ಯಾಪಾರ ಇನ್ನೊಬ್ಬರದು. ಇಂಥ ಏರ್ಪಾಡು ಮಂಡಿಯವರಿಗೆ ಹೊಸದೇನಲ್ಲ. ಯಲ್ದೂರಿನ ಮನೆಯ ಚಾವಣಿ ರಿಪೇರಿಗೆ ಬಿಚ್ಚಿದ್ದರಿಂದ ಅತ್ತೆ, ಮಾವ ಎರಡು ತಿಂಗಳಿಗೆಂದು ನಮ್ಮಲ್ಲೇ ಇದ್ದರು. ಅನಾಥ ತಂಡವನ್ನು ಅತ್ತೆಯ ಹೆಸರಿಗೆ ಬರೆದೆ. ಗೆಳೆಯರಿಗೆ 'ಯಲ್ದೂರಿನ ಜಿ. ರತ್ನಂ, ದೊಡ್ಡ ತೋಟದವರು' ಎಂದು ತಿಳಿಸಿದೆ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ ಎಂಬುದನ್ನು ಗಮನಿಸಬೇಕು.

ಅವತ್ತು ಸಂಜೆಯೇ ಬೆನಿಷಿಚ್‌ನನ್ನು ನನ್ನ ತಂಡಕ್ಕೆ ಬರೆದುಕೊಡುವ ಚೀಟಿ ತಯಾರಿಸಿ, ಅವರ ಫೋನನ್ನು ಮುಂದೆ ಹಿಡಿದು, ಈ ಹಸಿರು ಬಟನ್ ಒತ್ತಿ ಅತ್ತೆ, ಅಷ್ಟೇ ಎಂದೆ. ಅವರು ಹಲಸಿನ ಬೀಜ ಸುಲಿಯುತ್ತಿದ್ದರು. ಕೈ ಒರೆಸಿಕೊಂಡು ಕನ್ನಡಕ ಹಾಕಿಕೊಂಡರು.

"ಯಾರ ಹೆಸರಲ್ಲೈತೆ ಇದು?"

"ನಿಮ್ಮ ಹೆಸರಲ್ಲೇ ಅತ್ತೆ. ಸುಮ್ನೆ ಹೆಸರಿಗೆ."

"ನನ್ನ ಹೆಸರಲ್ಲಿದ್ರೆ ನಾನು ನೋಡ್ದೆ ಒತ್ತಲ್ಲ ಅಳಿಯಂದ್ರೇ" ಎಂದು ಕನ್ನಡಕ ತೆಗೆದಿಟ್ಟು ಮತ್ತೆ ಹಲಸಿನ ಬೀಜಕ್ಕೆ ಕೈ ಹಾಕಿದರು.

ನೋಡಲು ಅವರಿಗೆ ಹಿಡಿದದ್ದು ಐದು ದಿನ. ಹಗಲೆಲ್ಲ ಮಂಡಿಯಲ್ಲಿ ಕೂಗಿ ಗಂಟಲು ಒಣಗಿಸಿಕೊಂಡು ಬಂದ ನನ್ನನ್ನು ಕೂರಿಸಿ ಹದಿನೆಂಟೂ ಆಟಗಾರರ ಜಾತಕ ಓದಿಸಿದರು. ವಯಸ್ಸೆಷ್ಟು, ಕಳೆದ ವರ್ಷ ಎಷ್ಟು ಫಲ ಬಿಟ್ಟ, ಯಾವ ಕಾಲಿಗೆ ಪೆಟ್ಟು. ಹೆಸರುಗಳು ನಾಲಿಗೆಗೆ ಹತ್ತದ ಕಾರಣ ಎಲ್ಲರಿಗೂ ಹೊಸದಾಗಿ ನಾಮಕರಣವಾಯಿತು. ಎಲ್ಲರೂ ಸುಸ್ತಾದ ಮೇಲೆ ತಡವಾಗಿ ಮಿಂಚುವವನು ನೀಲಂ. ಬೇಗ ಮಿಂಚಿ ಬೇಗ ಮೆತ್ತಗಾಗುವವನು ಬಾದಾಮಿ. ನೋಡಲು ಏನೂ ಇಲ್ಲದೆ ಪ್ರತಿ ಪಂದ್ಯಕ್ಕೂ ಹಾಜರಾಗುವ ಡಿಫೆಂಡರು ತೋತಾಪುರಿ. ನನ್ನ ಬೆನಿಷಿಚ್‌ನ ಹೆಸರು ಕೇಳಿದ ಕೂಡಲೇ ಮಾತ್ರ, "ಓ, ನಮ್ ಬೇನಿಷಾ" ಎಂದು ಮುಖ ಅರಳಿಸಿದರು; ಬೇನಿಷಾ ಅಂದರೆ ನಮ್ಮ ಕಡೆ ಬಂಗನಪಲ್ಲಿ ಮಾವು. ಮಾವ ಕೋದಂಡರಾಮಪ್ಪನವರು ಮೂಲೆಯಿಂದ, ಬೇನಿಷಾಕ್ಕೆ ಈ ಸಲ ರೇಟು ಚೆನ್ನಾಗಿದೆ ಎಂದರು. ಕಸಿ ಕಟ್ಟುವುದರಲ್ಲಿ ಎತ್ತಿದ ಕೈಯಾದರೂ ಮಾವ ವ್ಯಾಪಾರದಲ್ಲಿ ಬಾಯಿ ಹಾಕುವವರಲ್ಲ. ಅಂದು ಹಾಕಿದರು.

ಎರಡನೇ ವಾರ ನಾನು ಲಾರಿ ಲೋಡು ಮಾಡಿಸುತ್ತಿದ್ದಾಗ ಫೋನು ಟಿಂಗ್ ಎಂದಿತು. ಜಿ. ರತ್ನಂ ಅವರು ನಮ್ಮ ಲೀಗಿನವನೇ ಆದ ಮಾಲೂರಿನ ಮುರಳಿಮೋಹನನಿಗೆ ಮೂವತ್ಮೂರರ ಗೋಲ್‌ಕೀಪರನನ್ನು ಕೊಟ್ಟು ಇಬ್ಬರು ಎಳೆ ಹುಡುಗರನ್ನು ತೆಗೆದುಕೊಂಡಿದ್ದರು! ಟೈಪು ಮಾಡಿದವಳು ಸುನಂದ. ನಾಲ್ಕು ದಿನ ಬಿಟ್ಟು ಇನ್ನೊಂದು ಟಿಂಗ್. ನೀಲಂ ಹೋಗಿದ್ದ, ಅವನ ಜಾಗಕ್ಕೆ ಒಬ್ಬ ಇಪ್ಪತ್ತರ ಪೋರ ಬಂದಿದ್ದ. ಹೆಂಚಿನ ಅಂಗಡಿಯ ಮುರಳಿಮೋಹನ ಯಾರನ್ನೂ ಹೊಗಳಿದವನಲ್ಲ. ಅವನೇ ಫೋನು ಮಾಡಿ, ರತ್ನಂ ಸಾರ್‌ನ ಎಲ್ಲಿಂದ ಹಿಡಕೊಂಡು ಬಂದೆಯೋ, ತಂಡವನ್ನು ತೋಟದ ಥರ ಕಟ್ಟುತ್ತಿದ್ದಾರೆ ಎಂದ. ನಾನು ಹೂಂ ಎಂದೆ. ನನ್ನ ಬೇನಾಮಿ ನನ್ನನ್ನು ಬಿಟ್ಟು ಊರೆಲ್ಲರ ಜೊತೆ ವ್ಯಾಪಾರ ಮಾಡುತ್ತಿತ್ತು.

ಇನ್ನು ತಡಮಾಡಿದರೆ ಬೆನಿಷಿಚ್ ಮಾಲೂರಿನ ಬಸ್ಸು ಹತ್ತುತ್ತಾನೆ ಎನ್ನಿಸಿತು. ಜುಲೈಯ ಒಂದು ಭಾನುವಾರ ಮಧ್ಯಾಹ್ನ, ಊಟವಾದ ಮೇಲೆ ನೇರವಾಗಿ ಕೇಳಿದೆ.

"ಊರಿಕೇನಾ?" ಎಂದರು ಅತ್ತೆ. ಬೆಲೆಯ ಮಾತು ಬಂದರೆ ಅವರು ತೆಲುಗಿಗೆ ಇಳಿಯುತ್ತಾರೆ. ಪುಕ್ಕಟೆಯೇ ಎಂದು ಅರ್ಥ.

ಪುಕ್ಕಟೆಯಲ್ಲ, ನನ್ನ ಸರದಿ ಕೊಡುತ್ತೇನೆ ಎಂದೆ. ಸರದಿ ಎಂದರೇನು ಎಂದರು. ಮುಂದೆ ಬರುವ ಹೊಸ ಹುಡುಗರನ್ನು ಆರಿಸಿಕೊಳ್ಳುವ ಹಕ್ಕು ಎಂದು ವಿವರಿಸಿದೆ.

"ಅಂದ್ರೆ ಫಸಲು."

"ಫಸಲು ಅಂತಾನೇ ಇಟ್ಕೊಳಿ."

"ಸರೆ. ಟವಲ್ ತಗೊಂಡ್ ಬಾರೇ ಸುನಂದಾ."

ನಮ್ಮ ಕಡೆ ಹಳೆಯ ಕ್ರಮವೊಂದಿದೆ. ಕೊಳ್ಳುವವನೂ ಮಾರುವವನೂ ಟವೆಲ್ಲಿನ ಕೆಳಗೆ ಕೈ ಸೇರಿಸಿ, ಬೆರಳು ಹಿಡಿದು ಬೆಲೆ ಹೇಳುತ್ತಾರೆ. ಪಕ್ಕದಲ್ಲಿ ನಿಂತವನಿಗೂ ತಿಳಿಯುವುದಿಲ್ಲ. ಅಳಿಯನ ಜೊತೆ ಬಾಯಿಬಿಟ್ಟು ಚೌಕಾಸಿ ಮಾಡುವುದು ಚೆನ್ನಾಗಿರಲ್ಲ ಎಂಬುದು ಅತ್ತೆಯ ವಾದ. ಹಾಗೆಂದು ಅತ್ತೆ ಅಳಿಯನ ಕೈ ಹಿಡಿಯುವುದೂ ಚೆನ್ನಾಗಿರುವುದಿಲ್ಲವಲ್ಲ! ಆದ್ದರಿಂದ ನಡುವೆ ಸುನಂದ ದಲ್ಲಾಳಿಯಾಗಿ ಕೂತಳು. ಅವಳ ಎಡಗೈ ಒಂದು ಟವೆಲ್ಲಿನಡಿ ತಾಯಿಯ ಕೈಯಲ್ಲಿ, ಬಲಗೈ ಇನ್ನೊಂದು ಟವೆಲ್ಲಿನಡಿ ನನ್ನ ಕೈಯಲ್ಲಿ. ಮದುವೆಯಾಗಿ ಹನ್ನೆರಡು ವರ್ಷಕ್ಕೆ ಹೆಂಡತಿಯ ಕೈಯನ್ನು ಅಷ್ಟು ಗಂಭೀರವಾಗಿ ಹಿಡಿದದ್ದು ಅದೇ ಮೊದಲು.

ನನ್ನ ಲೆಕ್ಕ ಹೀಗಿತ್ತು. ಮೂರು ಬೆರಳೆಂದರೆ ಮೂರನೇ ಸುತ್ತಿನ ಸರದಿ, ಜ್ಯೂಸ್ ಫ್ಯಾಕ್ಟರಿ ಮಾಲು. ಅದಕ್ಕೆ ಒಪ್ಪದಿದ್ದರೆ ಎರಡು ಬೆರಳು, ಅಂದರೆ ಎರಡನೇ ಸುತ್ತು. ತೀರಾ ಹಟ ಹಿಡಿದರೆ ಒಂದು. ಬೆರಳು ಕಡಿಮೆಯಾದಷ್ಟೂ ನನಗೆ ನಷ್ಟ. ಮೊದಲ ಏಟಿಗೇ ಸುನಂದಳ ಮೂರು ಬೆರಳು ಅದುಮಿದೆ.

ಅವಳು ನನ್ನ ಮುಖ ನೋಡಿದಳು. ನಾನು ಮತ್ತೊಮ್ಮೆ ಅದುಮಿದೆ. ಅವಳ ಎಡಗೈ ಅಲುಗಿತು. ಅತ್ತೆ ಟವೆಲ್ಲು ಕೊಡವಿ ಮಡಿಚಿ, "ಆಯ್ತು. ಬೇನಿಷಾ ನಿಮ್ದು" ಎಂದರು.

ಒಂದೇ ಮಾತಿಗೆ! ಹನ್ನೆರಡು ವರ್ಷದ ಹಿಂದೆ ನಾನು ಹಾಕಿದ ದರ್ಜೆ ಸರಿಯಾಗಿಯೇ ಇತ್ತು ಎಂದು ನನ್ನ ಕಣ್ಣಿಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ. ಅಂದು ಮಧ್ಯಾಹ್ನ ನಿದ್ದೆ ಬಹಳ ಸೊಗಸಾಗಿ ಬಂತು.

ಮರುದಿನ ಮಂಡಿಯಲ್ಲಿ ಕ್ರೇಟುಗಳ ನಡುವೆ ನಿಂತಿದ್ದಾಗ ಸುನಂದ ತುಂಬಿ ಕಳಿಸಿದ ಚೀಟಿ ಆಪಿನಲ್ಲಿ ಬಂತು. ಒಂದು ಕೈಯಲ್ಲಿ ರಸೀದಿ ಪುಸ್ತಕ, ಇನ್ನೊಂದರಲ್ಲಿ ಫೋನು. ಮೇಲೆ ಬೆನಿಷಿಚ್‌ನ ಹೆಸರು ಕಂಡಿತು, ಹಸಿರು ಬಟನ್ ಒತ್ತಿದೆ. ಅಧ್ಯಕ್ಷರ ಒಪ್ಪಿಗೆ ಬೇಕು ಎಂದಿತು. ಅಧ್ಯಕ್ಷನಾಗಿಯೂ ಒತ್ತಿದೆ. ಹೀಗೆ ಎರಡೆರಡು ಪದವಿಯಿಂದ ಒತ್ತಿದ ಮೇಲೆ, ಲಾರಿ ಹೊರಟು ಧೂಳು ಅಡಗಿದ ಮೇಲೆ, ಓದಿದೆ.

ಬೆನಿಷಿಚ್‌ಗೆ ಪ್ರತಿಯಾಗಿ ನಾನು ಕೊಟ್ಟದ್ದು ಈ ವರ್ಷದ, ಬರುವ ವರ್ಷದ ಮತ್ತು ಅದರಾಚೆ ವರ್ಷದ ಮೊದಲ ಸುತ್ತಿನ ಸರದಿ!

ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ. ಮೂರು ವರ್ಷ ಹೊಸ ರಕ್ತವಿಲ್ಲದಿದ್ದರೆ ನನ್ನ ರಾಜವಂಶ ವೃದ್ಧಾಶ್ರಮವಾಗುತ್ತದೆ. ಸುನಂದ ಅಡುಗೆಮನೆಯಲ್ಲಿದ್ದಳು. ಏನಿದು ಎಂದು ಫೋನು ಚಾಚಿದೆ.

"ಅಮ್ಮ ತೋಟ ಗುತ್ತಿಗೆ ಕೊಡೋದು ವರ್ಷದ ಲೆಕ್ಕಕ್ಕೆ ರೀ. ಒಂದು ಬೆರಳು ಅಂದ್ರೆ ಒಂದು ವರ್ಷದ ಫಸಲು. ನೀವು ಮೂರು ಹಿಡಿದ್ರಿ."

"ನಾನು ಹೇಳಿದ್ದು ಮೂರನೇ ಸುತ್ತು ಕಣೇ. ಮೊದಲನೇ ಸುತ್ತು ಎಲ್ಲಿಂದ ಬಂತು?"

"ಫಸಲು ಅಂದ್ರೆ ಮೊದಲ ಕೊಯ್ಲೇ ಅಲ್ವಾ? ಉದುರಿದ ಕಾಯಿನ ಯಾರಾದ್ರೂ ಫಸಲು ಅಂತಾರಾ?"

"ನಿನಗೆ ಗೊತ್ತಿತ್ತಲ್ಲ, ಹೇಳಬಾರದಿತ್ತಾ?"

"ದಲ್ಲಾಳಿ ಬೆರಳು ಮುಟ್ಟಿಸ್ತಾಳೆ. ಅರ್ಥ ಹೇಳಲ್ಲ" ಎಂದು ಒಗ್ಗರಣೆಗೆ ಸಾಸಿವೆ ಹಾಕಿದಳು.

ಮಾವನ ತೋಟದ ಕಾಯಿ ನಾನು ಒಂದು ವರ್ಷವೂ ಕೊಂಡವನಲ್ಲ. ನೆಂಟರ ನಡುವೆ ತಕ್ಕಡಿ ಬೇಡವೆಂದು ದೂರವಿದ್ದೆ. ಆದ್ದರಿಂದ ಅತ್ತೆಯ ಬೆರಳಿನ ಭಾಷೆ ನನಗೆ ತಿಳಿಯದು. ರದ್ದು ಮಾಡಬೇಕೆಂದರೆ ಲೀಗಿನ ಮುಂದೆ ಮತಕ್ಕೆ ಇಡಬೇಕು. ಇಟ್ಟರೆ ರತ್ನಂ ಸಾರ್ ಯಾರು, ಅಧ್ಯಕ್ಷರು ಯಾವ ಟವೆಲ್ಲಿನ ಕೆಳಗೆ ಯಾರ ಕೈ ಹಿಡಿದಿದ್ದರು ಎಂಬ ಪ್ರಶ್ನೆಗಳು ಬರುತ್ತವೆ. ಮೂರು ವಾರ ಬಾಯಿ ಹೊಲಿದುಕೊಂಡಿದ್ದೆ.

ಆದರೆ ಆಯ್ಕೆಯ ಭಾನುವಾರ ತಪ್ಪುವುದೆಲ್ಲಿ? ಎಲ್ಲರೂ ನಮ್ಮ ಮನೆಗೇ ಬಂದರು. ಮುರಳಿಮೋಹನ ಚಪ್ಪಲಿ ಬಿಡುವ ಮೊದಲೇ ರತ್ನಂ ಸಾರ್ ಬಂದರಾ ಎಂದು ಕೇಳಿದ. ಅವರ ಕೈ ಕುಲುಕಬೇಕೆಂದು ಆಸೆಯಂತೆ. ಒಳಗಿನಿಂದ ಅತ್ತೆ ಪಾನಕದ ತಟ್ಟೆ ಹಿಡಿದು ಬಂದರು.

"ನಾನೇ ಕಣಪ್ಪ. ಕೈ ಖಾಲಿ ಇಲ್ಲ, ತಡಿ."

ಆರು ಜನರ ನಗು ಅಡಗಲು ಕಾಲು ಗಂಟೆ ಬೇಕಾಯಿತು. ಆಮೇಲೆ ಮುರಳಿಮೋಹನ ನನ್ನನ್ನು ಕೆದಕಿ ಕೆದಕಿ ಟವೆಲ್ಲಿನ ತನಕ ಬಂದ. ಮೂರು ಬೆರಳು ಹಿಡಿದದ್ದನ್ನು ಒಪ್ಪಿಕೊಂಡೆ. ಯಾವ ಅರ್ಥದಲ್ಲಿ ಎಂಬುದನ್ನು ನುಂಗಿದೆ. ಅವನಿಗೆ ವಾಸನೆ ಹತ್ತಿತು. ನನ್ನ ಸ್ಥಿತಿ ನೋಡಿ ಕನಿಕರವೂ ಬಂತು.

"ಎಲ್ಲೋ ತಪ್ಪು ತಿಳುವಳಿಕೆ ಆಗೈತೆ ಕಣೋ. ಹಂಗಂತ ಒಂದು ಮಾತು ಹೇಳು, ಈಗಲೇ ಕೈ ಎತ್ತಿ ರದ್ದು ಮಾಡ್ತೀವಿ."

ಆರು ಜನವೂ ಕೈ ಎತ್ತಲು ಸಿದ್ಧವಾಗಿಯೇ ಕೂತಿದ್ದರು. ಹೇಳಬೇಕಾದದ್ದು ಒಂದೇ ವಾಕ್ಯ: ನಾನು ಕೊಡಲು ಹೊರಟಿದ್ದು ಮೂರನೇ ಸುತ್ತು. ಬಾಯಿ ತೆರೆದೂ ಬಿಟ್ಟೆ. ಅಷ್ಟರಲ್ಲಿ ಅತ್ತೆ ಮುರಳಿಮೋಹನನ ಲೋಟಕ್ಕೆ ಪಾನಕ ಬಗ್ಗಿಸುತ್ತಾ ಹೇಳಿದರು.

"ತಪ್ಪೇನಿಲ್ಲಪ್ಪ. ನಾನು ಎರಡು ವರ್ಷಕ್ಕೆ ಕೊಟ್ಬಿಡೋಣ ಅಂತಿದ್ದೆ. ನಾನು ಕೇಳೋಕ್ ಮುಂಚೆ ಅವರೇ ಮೂರು ಹಿಡಿದ್ರು. ಮಂಡಿಯವರ ಕೈ ಬಿಗಿ ಅಂತ ಯಲ್ದೂರಲ್ಲಿ ಅಂತಾರೆ. ನಮ್ಮಳಿಯಂದ್ರು ಹಂಗಲ್ಲ ಅಂತ ಎಲ್ಲಾರ್ಗೂ ಫೋನ್ ಮಾಡಿ ಹೇಳಿದ್ದೀನಿ."

ಸುನಂದ ಬಾಗಿಲ ಹಿಂದೆ ಸರಿದಳು. ಸೆರಗಿನಲ್ಲಿ ಏನು ಮುಚ್ಚಿಕೊಂಡಳೆಂದು ಊಹಿಸಬಲ್ಲೆ. ಮಾವ ನನ್ನ ಕಡೆ ನೋಡಿ ಹೆಮ್ಮೆಯಿಂದ ತಲೆಯಾಡಿಸಿದರು. ಅತ್ತೆಯ ಮುಖವನ್ನು ನಾನು ಕಾಯಿ ನೋಡುವ ಹಾಗೆ ನಾಲ್ಕೂ ಕಡೆಯಿಂದ ನೋಡಿದೆ. ಒಳಗೆ ಹುಳವಿದೆಯೋ ಇಲ್ಲವೋ, ಇವತ್ತಿಗೂ ಹೇಳಲಾರೆ.

"ಏನಂತೀಯೋ?" ಎಂದ ಮುರಳಿಮೋಹನ.

"ಕೊಟ್ಟ ಮಾತು ಕೊಟ್ಟಂಗೇ" ಎಂದೆ.

ನನ್ನ ಸರದಿ ಬಂದಾಗ ಅತ್ತೆ ಕನ್ನಡಕ ಹಾಕಿಕೊಂಡು, ಹದಿನೇಳು ವರ್ಷದ ಒಬ್ಬ ಹುಡುಗನನ್ನು ಆರಿಸಿದರು. ಎಲೆ ನೋಡಿದರೇ ತಿಳಿಯುತ್ತೆ ಎಂದರು. ಬೆನಿಷಿಚ್ ನನ್ನ ತಂಡದಲ್ಲಿ ಸುಖವಾಗಿದ್ದಾನೆ, ಗೋಲು ಹೊಡೆಯುತ್ತಾನೆ. ಅವನ ಬಗ್ಗೆ ನನ್ನ ದೂರಿಲ್ಲ. ಯಲ್ದೂರಿಗೆ ಹೋದರೆ ಈಗ ಎರಡು ಮನೆ ಹೆಚ್ಚು ಕಾಫಿ ಸಿಗುತ್ತದೆ. ಅದರ ಬಗ್ಗೆಯೂ ದೂರಿಲ್ಲ.

ನಾಳೆ ಮಾತು ಬರಬಾರದೆಂದು ಇಲ್ಲೇ ಬರೆದಿಡುತ್ತೇನೆ. ಶ್ರೀನಿವಾಸಪುರದ ಮಂಡಿಯವನಾದ ನಾನು ಯಲ್ದೂರಿನ ಗಂಗರತ್ನಮ್ಮನವರಿಗೆ ಕೊಡಬೇಕಾದದ್ದು ಮೂರು ವರ್ಷದ ಮೊದಲ ಸುತ್ತಿನ ಸರದಿ. ಒಂದು ಅಂದೇ ಕೊಟ್ಟಿದ್ದೇನೆ. ಎರಡು ಬಾಕಿ ಇದೆ.